ಕವಲೇದುರ್ಗಕ್ಕೆ ಹೋಗೋದಾದ್ರೆ ಊರಿನ ಗೈಡ್ ಜೊತೆಗೇ ಹೋಗಿ

ಶಿವಮೊಗ್ಗ ಜಿಲ್ಲೆಯ ಗುಡ್ಡದ ಕೋಟೆ ಕವಲೇದುರ್ಗದ ಬುಡದ ಊರಿನಲ್ಲಿ ಕೋಟೆ ತೋರಿಸಲು ಸಿಗುವ ಸ್ಥಳೀಯ ಗೈಡ್ ಬಗ್ಗೆ ಈ ರಿವ್ಯೂ. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಗದ್ದೆ ಅಂಚಿನಲ್ಲಿ ಸ್ವಲ್ಪ ನಡೆದರೆ ಕಲ್ಲು ಹಾಸಿದ ಹಳೇ ದಾರಿ ಸಿಗುತ್ತದೆ, ಅದನ್ನೇ ಹಿಡಿದು ಹತ್ತಿದರೆ ಆಯಿತು. ಮತ್ಯಾಕೆ ಗೈಡ್ ಅಂತ ಕೇಳಬಹುದು. ಬೇಕು, ಖಂಡಿತ ಬೇಕು.

ನಮ್ಮ ಗೈಡ್ ಕೋಟೆ ಬಾಗಿಲಿಂದ ಶುರು ಮಾಡಲಿಲ್ಲ. ಗದ್ದೆಯಲ್ಲೇ ನಿಲ್ಲಿಸಿ ಗುಡ್ಡದ ಕಡೆ ಕೈ ತೋರಿಸಿ "ಗೋಡೆ ಎಲ್ಲಿದೆ ಹೇಳಿ ನೋಡೋಣ" ಅಂದರು. ಎಷ್ಟು ನೋಡಿದರೂ ಬರೀ ಕಾಡು. "ಇದೇ ಮೊದಲನೇ ಸುತ್ತು" ಅಂದರು. ನನಗೆ ಇಡೀ ಕೋಟೆ ಅರ್ಥವಾಗಿದ್ದು ಆ ಮಾತಿನಿಂದಲೇ. ಈ ಕೋಟೆ ಆಳಿದ ಕೆಳದಿ ಅರಸರಿಗೆ ಕಾಡೇ ದೊಡ್ಡ ಬಲ. 1623ರಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕರನ್ನು ನೋಡಲು ಅವರ ರಾಜಧಾನಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕೂಡ ಗೇರುಸೊಪ್ಪೆ ಕಡೆಯಿಂದ ಇಂಥದ್ದೇ ಕಾಡಿನ ಘಟ್ಟ ಹತ್ತಿಯೇ ಬರಬೇಕಾಯಿತು. ಕವಲೇದುರ್ಗವನ್ನು ದೊಡ್ಡ ಕೋಟೆಯಾಗಿ ಬೆಳೆಸಿದ್ದೂ ಅದೇ ವೆಂಕಟಪ್ಪ ನಾಯಕರು ಅನ್ನುತ್ತಾರೆ. ಆಗ ಇದರ ಹೆಸರು ಭುವನಗಿರಿ.

ಮೇಲೆ ಮೂರು ಸುತ್ತಿನ ಗೋಡೆ, ಪ್ರತಿ ಸುತ್ತಿಗೂ ಬಾಗಿಲು, ಅಕ್ಕಪಕ್ಕ ಕಾವಲಿನವರ ಕೋಣೆ. ಒಂದು ಬಾಗಿಲಲ್ಲಿ ಅಗುಳಿ ಕೂರುತ್ತಿದ್ದ ತೂತಿಗೆ ಕೈ ಹಾಕಿ ನೋಡಿ ಅಂದರು. ಮೊಣಕೈವರೆಗೂ ಹೋಯಿತು, ಒಳಗೆ ಕಲ್ಲು ನುಣ್ಣಗೆ ಸವೆದಿದೆ. ಅರಮನೆ ಜಾಗದಲ್ಲಿ ಈಗ ಅಡಿಪಾಯವಷ್ಟೇ ಉಳಿದಿದೆ. ಆದರೆ ಅಡುಗೆಮನೆಯ ಕಲ್ಲಿನ ಒಲೆ, ನೀರು ಹರಿಯಲು ಮಾಡಿದ ಕಾಲುವೆ, ಕೊಳಗಳು ಇನ್ನೂ ಇವೆ. ತುದಿಯ ಗುಡಿ ಹತ್ತಿರ ನಿಂತರೆ ವಾರಾಹಿ ಹಿನ್ನೀರು ಕಾಣುತ್ತದೆ. ಅದರ ಫೋಟೋ ನೀವೆಲ್ಲ ನೋಡಿಯೇ ಇರುತ್ತೀರಿ, ಬಿಡಿ.

ನನಗೆ ಜಾಸ್ತಿ ಇಷ್ಟವಾಗಿದ್ದು ಇಳಿಯುವಾಗ ಗೈಡ್ ಆಡಿದ ಮಾತು. ಗೋಡೆ ಸಂದಿಯಲ್ಲಿ ಒಂದು ಸಣ್ಣ ಅತ್ತಿ ಸಸಿ ತೋರಿಸಿದರು. ಬೇರು ದಪ್ಪ ಆದಂತೆ ಕಲ್ಲನ್ನು ಹೊರಗೆ ದಬ್ಬುತ್ತದೆ, ಆ ಸಂದಿಗೆ ಮಳೆನೀರು ಇಳಿದು ಹಿಂದಿನ ಮಣ್ಣು ಉಬ್ಬುತ್ತದೆ, ಗೋಡೆ ಹೊಟ್ಟೆ ಬಿಟ್ಟು ಒಂದು ದಿನ ಜಾರುತ್ತದೆ. ಹಾಗಾಗಿ ಗೋಡೆ ಮೇಲಿನ ಗಿಡ ಚಿಕ್ಕದಿರುವಾಗಲೇ ತೆಗೀಬೇಕು. ಆದರೆ ಇಳಿಜಾರಿನ ಮರ ಮುಟ್ಟಬಾರದು, ಗುಡ್ಡದ ಮಣ್ಣು ಹಿಡಿದು ನಿಲ್ಲಿಸಿರುವುದು ಆ ಮರಗಳೇ. ಬುಡದಲ್ಲಿ ಜೆಸಿಬಿ ತಂದು ದರೆ (ಗುಡ್ಡದ ಅಂಚು) ಕಡಿದರೆ ಗುಡ್ಡ ಕುಸಿಯುತ್ತದೆ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. 2010ರ ತಿದ್ದುಪಡಿಯಿಂದ ಇದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲೇ ಇದೆ. ಬಯಲಿನ ಗುಡಿಗೆ ಈ ಅಳತೆ ಸಾಕಾಗಬಹುದೇನೋ. ಗುಡ್ಡದ ಮೇಲಿನ ಕೋಟೆಗೆ ಎಲ್ಲಿ ಸಾಲುತ್ತದೆ? ಕೆಳಗಿನ ಗದ್ದೆ, ತೋಟದವರು ಸೊಪ್ಪು ತರುವ ಸೊಪ್ಪಿನಬೆಟ್ಟ, ದಟ್ಟ ಕಾಡಿನ ಕಾನು, ಕೊಳ ತುಂಬಿಸುವ ನೀರಿನ ದಾರಿ, ಇವೆಲ್ಲ ಸೇರಿದರೇನೇ ಕವಲೇದುರ್ಗ. ಸುತ್ತ ರೆಸಾರ್ಟ್ ಎದ್ದು ಗೋಡೆ ಮಾತ್ರ ಉಳಿದರೆ ನೋಡಲು ಏನಿರುತ್ತದೆ? ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ನಾವು ಹೋದ ದಿನವೇ ಒಂದು ಟ್ರೆಕ್ಕಿಂಗ್ ಗುಂಪು ಸ್ಪೀಕರ್ ಹಾಕಿಕೊಂಡು ಬಂದಿತ್ತು. ಅವರ ಲೀಡರ್ ಸುಮ್ನೆ ನೋಡುತ್ತಾ ನಿಂತಿದ್ದ. ನಮ್ಮ ಗೈಡೇ ಹೋಗಿ ಸಮಾಧಾನವಾಗಿ ಹೇಳಿ ನಿಲ್ಲಿಸಿದರು, ಕೊಳದ ಹತ್ತಿರ ಅವರು ಬಿಟ್ಟಿದ್ದ ಬಾಟಲಿಗಳನ್ನು ಅವರ ಬ್ಯಾಗಿಗೇ ಹಾಕಿಸಿದರು. ಈ ಒಂದು ಕೆಲಸಕ್ಕೇ ಪೂರ್ತಿ ಸ್ಟಾರ್ ಕೊಡಬಹುದು.

ಕೊರತೆ ಇಲ್ಲ ಅಂತಲ್ಲ. ನಿಗದಿಯಾದ ರೇಟ್ ಇಲ್ಲ, ಮೊದಲೇ ಬುಕ್ ಮಾಡುವ ವ್ಯವಸ್ಥೆಯೂ ಇಲ್ಲ, ಊರಿಗೆ ಹೋಗಿ ವಿಚಾರಿಸಬೇಕು. ರಾಜರ ಇಸವಿಗಳನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ. ಇತಿಹಾಸ ಓದಿಕೊಂಡು ಹೋದರೆ ಒಳ್ಳೇದು.

ಬೆಳಿಗ್ಗೆ ಬೇಗ ಹತ್ತಿ. ಮಳೆಗಾಲದಲ್ಲಿ ಹಾಸುಗಲ್ಲು ವಿಪರೀತ ಜಾರುತ್ತದೆ, ಉಂಬಳವೂ (ರಕ್ತ ಹೀರುವ ಜಿಗಣೆ) ಜಾಸ್ತಿ, ಉಪ್ಪು ಇಟ್ಟುಕೊಂಡಿರಿ. ದುಡ್ಡಿನ ಮಾತು ಮೊದಲೇ ಆಡಿಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ.