ಕೋಲಾರದ ಮನೆಗೆ ಬಿಪಿ ಮೆಷಿನ್: ಓಮ್ರಾನ್ ಹೆಚ್‌ಇಎಂ-7120

ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದಲೇ ಶುರುವಾಯಿತು. ಮನೆ ಬಾಗಿಲಿಗೇ ಬಂದು ಬಿಪಿ ನೋಡುತ್ತಾರೆ. ಬಿಪಿ ಇರಬಹುದು ಎಂದು ಗೊತ್ತಾಗಲು ಅದು ಸಾಕು. ಮಾತ್ರೆ ಹಿಡಿಯುತ್ತಿದೆಯೇ ಎಂದು ತಿಳಿಯಲು ಮನೆಯಲ್ಲೊಂದು ಮೆಷಿನ್ ಬೇಕು.

ಓಮ್ರಾನ್ ಹೆಚ್‌ಇಎಂ-7120 ತೋಳಿಗೆ ಪಟ್ಟಿ ಸುತ್ತುವ ಜಾತಿಯದು. ನಾಲ್ಕು ಎಎ ಸೆಲ್, ಒಂದೇ ಗುಂಡಿ, ದೊಡ್ಡ ಅಂಕಿ. ಕನ್ನಡಕವಿಲ್ಲದೆಯೂ ಅಜ್ಜಿ ಓದಬಹುದು. ಮಣಿಕಟ್ಟಿಗೆ ಕಟ್ಟುವವುಗಳಿಗಿಂತ ಇದನ್ನೇ ಕೊಳ್ಳಿ. ಅವುಗಳಲ್ಲಿ ಕೈ ಎದೆಮಟ್ಟದಿಂದ ಕೊಂಚ ಇಳಿದರೂ ಬಿಪಿ ಹೆಚ್ಚು ತೋರುತ್ತದೆ.

ಎಡವುವುದು ಪಟ್ಟಿಯಲ್ಲಿ. ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಭುಜಕ್ಕೂ ಮೊಣಕೈಗೂ ನಡುವೆ ಟೇಪ್ ಹಿಡಿದು ಅಳೆದೇ ಅಂಗಡಿಗೆ ಹೋಗಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ, ಬೇಡದ ಮಾತ್ರೆ ಸೇರುತ್ತದೆ. ಇನ್ನೊಂದು ಕೊರತೆ: ಕೊನೆಯ ಅಳತೆಯೊಂದನ್ನೇ ನೆನಪಿಡುತ್ತದೆ. ಪುಸ್ತಕದಲ್ಲಿ ಬರೆದಿಡಲೇಬೇಕು.

ನಮ್ಮ ಮನೆಗಳಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಾತಾಡುತ್ತಲೇ ಗುಂಡಿ ಒತ್ತುವುದು ರೂಢಿ. ಅದರಿಂದಲೇ ಅಂಕಿ ಏರುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಮೂತ್ರ ಮಾಡಿ ಬಂದು, ಐದು ನಿಮಿಷ ಸುಮ್ಮನೆ ಕೂರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಪಟ್ಟಿ ಬರಿ ಚರ್ಮದ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ.

ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಹೀಗೆ ಏಳು ದಿನ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಬಿಪಿ ಹೆಚ್ಚು ಎನ್ನಲು ಆಸ್ಪತ್ರೆಯಲ್ಲಿ 140/90 ಗೆರೆಯಾದರೆ ಮನೆಯ ಅಳತೆಗೆ 135/85. ಆ ಸರಾಸರಿಯನ್ನೇ ಡಾಕ್ಟರಿಗೆ ತೋರಿಸಿ.

ಬಿಪಿ ಇಳಿಸುವ ಆಮ್ಲೋಡಿಪಿನ್ ಮಾತ್ರೆ ಶುರುಮಾಡಿದವರು ಮೂರನೇ ದಿನಕ್ಕೇ "ಇಳಿದಿಲ್ಲ" ಎಂದು ಹೆದರುತ್ತಾರೆ. ಪೂರ್ತಿ ಪರಿಣಾಮಕ್ಕೆ ವಾರವೋ ಎರಡು ವಾರವೋ ಬೇಕು. ಪಾದ ಊದಿದರೆ ಡಾಕ್ಟರಿಗೆ ಹೇಳಿ, ಬದಲಿ ಮಾತ್ರೆಗಳಿವೆ. ಇನ್ನು ಮೆಷಿನ್ 120/80 ತೋರಿಸಿತೆಂದು ತಾವಾಗಿಯೇ ಮಾತ್ರೆ ಬಿಡುವುದಂತೂ ದೊಡ್ಡ ಅಪಾಯ. ಆ ಅಂಕಿ ಬಂದದ್ದೇ ಮಾತ್ರೆಯಿಂದ. ಉಪ್ಪು ದಿನಕ್ಕೆ 5 ಗ್ರಾಂ, ಒಂದು ಟೀ ಚಮಚ, ಅಷ್ಟೇ. ಮುದ್ದೆಯ ತಂಟೆಯಿಲ್ಲ, ಉಪ್ಪೆಸರು, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಕೈ ಬಿಗಿಹಿಡಿಯಬೇಕು.

ಎದೆಬಡಿತ ಲಯ ತಪ್ಪಿದವರಲ್ಲಿ ಈ ಮೆಷಿನ್ ಒಂದೊಂದು ಸಲಕ್ಕೆ ಒಂದೊಂದು ಅಂಕಿ ಕೊಡಬಹುದು. ಅಂಥವರು ಡಾಕ್ಟರ ಕೈಯಲ್ಲೂ ನೋಡಿಸಿಕೊಳ್ಳಲಿ. 180/120 ದಾಟಿ ಎದೆನೋವು, ಉಬ್ಬಸ, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದಿದ್ದರೂ ಮತ್ತೆ ಅಳೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.