ಬಾಟಲಿ ಬಿಯರಿಗೆ ಸಕ್ಕರೆ: ಚಮಚವೋ, ಗುಳಿಗೆಯೋ, ಪಾಕವೋ?

ನನ್ನ ಓಟು ಪಾಕಕ್ಕೆ. ಮಿನಿಯಾಪೊಲಿಸ್‌ನ ನಮ್ಮ ಮನೆಯಲ್ಲಿ ಒಂದೇ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಅನ್ನು ಮೂರು ಸಲ ಮಾಡಿದೆ. ಪ್ರತಿ ಸಲವೂ 5 ಗ್ಯಾಲನ್, ಅಂದರೆ 19 ಲೀಟರ್. ಬಿಯರಿನಲ್ಲಿ ಉಳಿದ ಯೀಸ್ಟ್ ತಿಂದು ಬಾಟಲಿಯೊಳಗೆ ಗ್ಯಾಸ್ ಹುಟ್ಟಿಸಲಿ ಅಂತ ಹಾಕುವ ಸಕ್ಕರೆಯ ರೀತಿ ಮಾತ್ರ ಬೇರೆ.

ಮೊದಲ ಸಲ ಚಮಚ. 355 ಮಿಲಿಯ ಒಂದೊಂದು ಬಾಟಲಿಗೆ ಅರ್ಧ ಟೀ ಚಮಚ. ಕೇಳೋಕೆ ಸುಲಭ, ಅಲ್ವಾ? ಹತ್ತನೇ ಬಾಟಲಿಗೆ ಬರುವಷ್ಟರಲ್ಲಿ ಆಲಿಕೆಯ ಮೂತಿ ಒದ್ದೆಯಾಗಿ ಸಕ್ಕರೆ ಅಲ್ಲೇ ಅಂಟಿಕೊಂಡಿತು. ಬೆರಳಿನಿಂದ ತಟ್ಟಿದೆ. ಮೂರು ಬಾಟಲಿಯ ಸಕ್ಕರೆ ಒಂದರೊಳಗೇ ಬಿತ್ತು. ಬಿಯರ್ ತುಂಬಿದ ಮೇಲೆ ಹಾಕೋಣ ಅಂತ ನೋಡಿದರೆ, ಹರಳು ತಾಗಿದ ಕೂಡಲೇ ನೊರೆ ಉಕ್ಕಿ ಕೈ ಮೇಲೆ ಹರಿಯಿತು. ಎರಡು ವಾರದ ನಂತರ ಒಂದು ಬಾಟಲಿ ಚಪ್ಪೆ. ಪಕ್ಕದ್ದು ಮುಚ್ಚಳ ತೆಗೆಯುತ್ತಲೇ ಅರ್ಧಕ್ಕರ್ಧ ಟೇಬಲ್ ಮೇಲೆ. ಸಕ್ಕರೆ ತೀರಾ ಜಾಸ್ತಿಯಾದರೆ ಗಾಜೇ ಸಿಡಿಯುತ್ತದೆ. ಆ ಭಯಕ್ಕೆ ಉಳಿದವನ್ನೆಲ್ಲ ಟವೆಲ್ ಸುತ್ತಿಯೇ ತೆರೆದೆ.

ಸಕ್ಕರೆ ಗುಳಿಗೆಯಲ್ಲಿ ಈ ಕಾಟವಿಲ್ಲ. ಬಾಟಲಿಗೊಂದು ಹಾಕಿ ಮುಚ್ಚಿದರಾಯಿತು. ಆದರೆ ನಾನು ತಂದದ್ದು ತೂಗಿದರೆ ಸುಮಾರು 3 ಗ್ರಾಂ ಇತ್ತು. ಜಾಸ್ತಿ ಗ್ಯಾಸ್ ಬೇಕಾದ ಗೋಧಿ ಬಿಯರಿಗೆ ಒಪ್ಪುವ ಅಳತೆ ಅದು. ನನ್ನ ಏಲ್‌ಗೆ ಎರಡು ಗ್ರಾಂ ಚಿಲ್ಲರೆ ಸಾಕು. ಬೆಲೆಯೂ ಸಕ್ಕರೆಗಿಂತ ಎಷ್ಟೋ ಪಟ್ಟು. ನಾಲ್ಕೈದು ಲೀಟರ್ ಮಾಡುವವರಿಗೆ ಪರವಾಗಿಲ್ಲ.

ಪಾಕಕ್ಕೆ 120 ಗ್ರಾಂ ಸಕ್ಕರೆ, ಎರಡು ಲೋಟ ನೀರು. ಕುದಿಸಿ, ಆರಿಸಿ, ಖಾಲಿ ಬಕೆಟ್‌ಗೆ ಮೊದಲು ಪಾಕ ಸುರಿಯಬೇಕು. ಆಮೇಲೆ ಪೈಪಿನಲ್ಲಿ ಬಿಯರ್ ಇಳಿಸಿ, ಅಲ್ಲಿಂದ ಬಾಟಲಿಗೆ ತುಂಬುವುದು. ಪೈಪಿನ ತುದಿ ತಳದಲ್ಲಿ ಓರೆಯಾಗಿದ್ದರೆ ಬಿಯರ್ ಸುತ್ತುತ್ತಾ ತಾನೇ ಬೆರೆಯುತ್ತದೆ. ಮೇಲಿಂದ ಧಾರೆ ಬಿಡಬೇಡಿ. ಗಾಳಿ ಸೇರಿದರೆ ಒಂದೆರಡು ತಿಂಗಳಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಇನ್ನೊಂದು ಬಕೆಟ್ ತೊಳೆಯುವ ಕೆಲಸ ಇದ್ದೇ ಇದೆ. ತಿಂಗಳಿಗೊಮ್ಮೆ ಬಿಯರ್ ಮಾಡುವ ನನಗೆ ಅದು ಭಾರವಲ್ಲ. ಸಕ್ಕರೆಯಂತೂ ಅಡುಗೆಮನೆಯ ಡಬ್ಬದ್ದೇ.

ಯಾವುದನ್ನೇ ಹಾಕಿ, ಬೆಚ್ಚಗಿಡದಿದ್ದರೆ ಗ್ಯಾಸ್ ಬೇಗ ಬರುವುದಿಲ್ಲ. ಜನವರಿಯಲ್ಲಿ ನಮ್ಮ ಬೇಸ್‌ಮೆಂಟ್ 13 ಡಿಗ್ರಿ. ಅಲ್ಲಿ ದೋಸೆ ಹಿಟ್ಟೂ ಉಬ್ಬುವುದಿಲ್ಲ, ಯೀಸ್ಟೂ ಚುರುಕಾಗುವುದಿಲ್ಲ. ಈಗ ಬಾಟಲಿಗಳೆಲ್ಲ ಮಹಡಿಯ ಬಟ್ಟೆ ಕಪಾಟಿನಲ್ಲಿ, 21 ಡಿಗ್ರಿಯಲ್ಲಿ. ಅವುಗಳ ಜೊತೆ ಸೋಡಾದ ಒಂದು ಪ್ಲಾಸ್ಟಿಕ್ ಬಾಟಲಿಗೂ ಅದೇ ಬಿಯರ್ ತುಂಬಿಡುತ್ತೇನೆ. ದಿನಾ ಒತ್ತಿ ನೋಡುವುದು. ಹೆಬ್ಬೆರಳಿಗೆ ಬಗ್ಗದಷ್ಟು ಗಟ್ಟಿಯಾದ ದಿನ ಗಾಜಿನದೊಂದು ಫ್ರಿಜ್‌ಗೆ ಹೋಗುತ್ತದೆ.