ಡೀಸೆಲ್ ಜನರೇಟರೋ ಸೋಲಾರೋ: ಪುಣೆಯ ಕ್ಯಾಂಪಸ್ಸಿನಲ್ಲಿ ಎರಡನ್ನೂ ನಡೆಸಿದವನ ಮಾತು

ಪುಣೆಯಲ್ಲಿ ಗುರುವಾರ ಬಂತೆಂದರೆ ಲೈನ್ ದುರಸ್ತಿ, ಕರೆಂಟ್ ಇಲ್ಲ. ನಾನು ವಿದ್ಯುತ್ ಕೆಲಸ ನೋಡಿಕೊಳ್ಳುವ ಕಾಲೇಜಿನಲ್ಲಿ ಆ ಹೊತ್ತನ್ನು ಮೊದಲು ಡೀಸೆಲ್ ಜನರೇಟರ್ ದಾಟಿಸುತ್ತಿತ್ತು, ಈಗ ಬಹುಮಟ್ಟಿಗೆ ಸೋಲಾರ್. ಹಾಸ್ಟೆಲಿನ ವಿಜಯಪುರ, ಕಲಬುರಗಿ ಹುಡುಗರು ಕೇಳುತ್ತಿರುತ್ತಾರೆ: "ಸರ, ನಮ್ಮೂರ ಕಾಲೇಜಿಗೆ ಯಾವುದು ಹಾಕಿಸಿದ್ರ ಚಲೋ?"

ಮೊದಲು ಜನರೇಟರ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೋಡ್ ಚೆನ್ನಾಗಿದ್ದರೆ ಸಿಗುವುದು ಮೂರರಿಂದ ಮೂರೂವರೆ ಯೂನಿಟ್. ಆದರೆ ನನ್ನ ನಿದ್ದೆ ಕೆಡಿಸಿದ್ದು ಮಸಿ. ಹೊಗೆಕೊಳವೆಯ ಕಡೆಗಿದ್ದ ಕೋಣೆಗಳ ಸೊಳ್ಳೆಪರದೆ ಒರೆಸಿದರೆ ಬಟ್ಟೆ ಕಾಡಿಗೆ ಮೆತ್ತಿದಂತಾಗುತ್ತಿತ್ತು, ಸೋಪು ಹಾಕಿದರೂ ಜಿಡ್ಡು ಬಿಡುತ್ತಿರಲಿಲ್ಲ. ರಾತ್ರಿ ಇನ್ನೂ ಕೆಟ್ಟದು. ಒಂದಷ್ಟು ಫ್ಯಾನು, ಲೈಟುಗಳಿಗಾಗಿ ದೊಡ್ಡ ಇಂಜಿನ್ ಓಡುತ್ತದೆ. ಲೋಡ್ ಮೂರನೇ ಒಂದು ಪಾಲಿಗಿಂತ ಕೆಳಗಿಳಿದರೆ ಇಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಸುಡುವುದಿಲ್ಲ, ಅರೆಬೆಂದ ಎಣ್ಣೆಯೆಲ್ಲ ಹೊಗೆಯ ಜೊತೆ ಬರುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಮಕ್ಕಳು ಮಲಗುವ ಕಿಟಕಿಯ ಕೆಳಗೆ ಅದನ್ನು ಉಗುಳಿಸುವುದು ತಪ್ಪು, ಇದರಲ್ಲಿ ನನಗೆ ಎರಡು ಮಾತಿಲ್ಲ. ಗದ್ದಲ, ಬದಲಿಸಿದ ಇಂಜಿನ್ ಆಯಿಲ್ಲಿನ ವಿಲೇವಾರಿ, ಇವೂ ಲೆಕ್ಕಕ್ಕೆ ಸೇರಬೇಕು.

ಇನ್ನು ಸೋಲಾರ್. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಟೆರೇಸ್ ಬೇಕು, ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಬರುತ್ತದೆ. ಪ್ಯಾನೆಲ್ ತಯಾರಿಸುವಾಗಲೂ ಇಂಗಾಲ ಹೊರಬೀಳುತ್ತದೆ, ನಿಜ. ಅದರ ಇಡೀ ಆಯುಸ್ಸಿಗೆ ಹಂಚಿದರೆ ಯೂನಿಟ್‌ಗೆ ನೂರು ಗ್ರಾಮ್ ಕೂಡ ಆಗದು. ಜನರೇಟರಿನದು ಎಂಟುನೂರರ ಹತ್ತಿರ.

ಎಷ್ಟೋ ಕಡೆ ಗಮನಿಸದೆ ಬಿಡುವ ವಿಷಯ ಬೇರೆ ಇದೆ. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್, ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು, ಪ್ಯಾನೆಲ್ಲಿನ ಕರೆಂಟನ್ನು ನಮ್ಮ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರಿನಲ್ಲೇ ಇರುವ ವ್ಯವಸ್ಥೆ ಅದು. ಹಾಗಾಗಿ ಮೇಲೆ ಸುಡುಬಿಸಿಲಲ್ಲಿ ಪ್ಯಾನೆಲ್, ಕೆಳಗೆ ಅದೇ ಹೊಗೆ! ಲೈನ್ ಹೋದರೂ ಪ್ಯಾನೆಲ್, ಬ್ಯಾಟರಿಗಳಿಂದ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಲಿಥಿಯಂ ಬ್ಯಾಟರಿ ಕೂಡಿಸಿದ ಮೇಲೆಯೇ ನಮ್ಮಲ್ಲಿ ಡೀಸೆಲ್ ಖರ್ಚು ನಿಜಕ್ಕೂ ಇಳಿಯಿತು. ನೀರೆತ್ತುವ ಪಂಪನ್ನು ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿದ್ದೂ ಬಹಳ ನೆರವಾಯಿತು. ಟ್ಯಾಂಕ್ ತುಂಬಿದ್ದರೆ ರಾತ್ರಿ ಪಂಪಿಗಾಗಿ ಇಂಜಿನ್ ಎಬ್ಬಿಸಬೇಕಿಲ್ಲ.

ಸೋಲಾರಿನ ಕಾಟವೂ ಇದೆ. ಪಕ್ಕದ ಕಟ್ಟಡ ಕಾಮಗಾರಿಯ ಧೂಳು ಪ್ಯಾನೆಲ್ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಊರಲ್ಲಿ ಧಾರಾಳವಾಗಿ ತೊಳೆಯುವಂತಿಲ್ಲ, ಬೋರ್‌ವೆಲ್ ನೀರಾದರೆ ಬಿಳಿ ಕಲೆ. ನಸುಕಿನ ಇಬ್ಬನಿ ಆರುವ ಮೊದಲೇ ಮೆತ್ತನೆ ವೈಪರ್ ಎಳೆಯುತ್ತೇವೆ, ಅರ್ಧ ಕೊಳೆ ಅದರಲ್ಲೇ ಹೋಗುತ್ತದೆ. ಹಳೆಯ ಬ್ಯಾಟರಿಗಳನ್ನು ಗುಜರಿಯವನಿಗೆ ಕೊಡಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮದ ಪ್ರಕಾರ ತಯಾರಕರೇ ಮರಳಿ ಪಡೆಯುವ ಏರ್ಪಾಡು ಮಾಡಬೇಕು.

ಮಳೆಗಾಲದಲ್ಲಿ ಮೋಡ ಕವಿದರೆ ಉತ್ಪಾದನೆ ಕುಸಿಯುತ್ತದೆ. ಆದ್ದರಿಂದ ಜನರೇಟರನ್ನು ಪೂರ್ತಿ ಕಿತ್ತುಹಾಕಿ ಎಂದು ಹೇಳಲಾರೆ. ಆ ಹುಡುಗರಿಗೆ ಹೇಳುವುದಿಷ್ಟು: ಸೋಲಾರ್ ಹಾಕಿಸಿ, ಬ್ಯಾಟರಿಯ ದುಡ್ಡು ಉಳಿಸಲು ಹೋಗಬೇಡಿ, ಜನರೇಟರ್ ರಾತ್ರಿಯ ಲೋಡಿಗೆ ತಕ್ಕಷ್ಟು ಚಿಕ್ಕದಿರಲಿ, ಅದರ ಕೊಳವೆ ಹಾಸ್ಟೆಲಿನಿಂದ ದೂರ, ಮಾಳಿಗೆಗಿಂತ ಎತ್ತರದಲ್ಲಿರಲಿ.